ಸ್ಥಳ: ಮೂರನೇ ಕೊಳ

ಜನವರಿ 9

ಅಣ್ಣಾ,

ಈ ಕಾಗದದ ಜೊತೆ ಬಸ್ಸಿನ ಡ್ರೈವರ್ ಒಂದು ಡಬ್ಬಿ ಕೊಡುತ್ತಾರೆ. ತಂಗಿ ತಿಂಡಿ ಕಳಿಸಿದಾಳೆ ಅಂತ ಖುಷಿಯಿಂದ ಮ್ಯೂಸಿಯಂನವರ ಎದುರಿಗೆ ಬಿಚ್ಚಬೇಡ, ಮಾರಾಯ. ಒಳಗೆ ಐಸಿನ ಮೇಲೆ ಒಂದು ಸತ್ತ ಹಕ್ಕಿ ಇದೆ.

ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನೀನು ಎಲ್ಲದಕ್ಕೂ ‘ಹೂಂ’ ಅಂತೀಯ. ಕಾಗದದಲ್ಲಿ ಬರೀ ‘ಹೂಂ’ ಅಂತ ಬರೆದು ಕಳಿಸೋಕೆ ನಿನಗೇ ನಾಚಿಕೆಯಾಗಬೇಕು. ಅದಕ್ಕೇ ಕಾಗದ.

ಹಕ್ಕಿಯ ಗುರುತು ನಿನಗೆ ಸಿಕ್ಕೇ ಸಿಗುತ್ತದೆ. ಕೋಲಿನ ಮೇಲೆ ನಡೆಯುವವರ ಹಾಗೆ ಉದ್ದುದ್ದ ಕೆಂಪು ಕಾಲು, ಬಿಳಿ ಹೊಟ್ಟೆ, ಕಪ್ಪು ರೆಕ್ಕೆ. ಮೆಟ್ಟುಗಾಲು ಹಕ್ಕಿ. ಹೊಸದಾಗಿ ಎಳೆದ ಕರೆಂಟು ತಂತಿಗೆ ಬಡಿದು ಬಿತ್ತು. ನಾನು ಓಡಿ ಹೋಗುವಷ್ಟರಲ್ಲಿ ಪ್ರಾಣ ಹೋಗಿತ್ತು. ಅತ್ತುಬಿಟ್ಟೆ ಅಂದರೆ ನಂಬುತ್ತೀಯಾ? ನಿಜವಾಗಿ ಅತ್ತುಬಿಟ್ಟೆ.

ಕಾರಣವಿಲ್ಲದೆ ಕಳಿಸುತ್ತಿಲ್ಲ. ಊರಾಚೆ ಕೊಳಚೆ ನೀರು ತೊಳೆಯುವ ಹೊಸ ಯಂತ್ರದ ಘಟಕ ಬರುತ್ತದಂತೆ. ನಮ್ಮ ನಾಲ್ಕೂ ಕೊಳಚೆ ಕೊಳಗಳಿಗೆ ಮಣ್ಣು ಸುರಿದು ಲಾರಿ ನಿಲ್ದಾಣ ಮಾಡುತ್ತಾರಂತೆ. ಮೊನ್ನೆ ಇಂಜಿನಿಯರ್ ಸಾಹೇಬರು ಮೂಗಿಗೆ ಕರ್ಚೀಫು ಹಿಡಿದುಕೊಂಡೇ ಬಂದು, “ಈ ಗುಂಡಿಗಳಲ್ಲಿ ಕಾಗೆ ಬಿಟ್ರೆ ಇನ್ನೇನಮ್ಮ ಇದೆ?” ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. “ಒಂದೇ ಒಂದು ಗಂಟೆ ನಿಂತ್ಕೊಳ್ಳಿ ಸಾರ್, ಏನೇನಿದೆ ತೋರಿಸ್ತೀನಿ” ಅಂದೆ. ಅವರು ಐದು ನಿಮಿಷವೂ ನಿಲ್ಲಲಿಲ್ಲ.

ನಿನಗೆ ಹೇಳಬೇಕಾಗಿಲ್ಲ, ಆದರೂ ಬರೆಯುತ್ತೇನೆ. ನಮ್ಮ ಕೊಳಗಳು ನಾಲ್ಕು ಕೇರಿ ಇದ್ದ ಹಾಗೆ. ಊರಿನ ಗಲೀಜೆಲ್ಲ ಮೊದಲು ಬಂದು ಬೀಳುವ ಒಂದನೇ ಕೊಳದಲ್ಲಿ ಕಾಗೆ, ಬೆಳ್ಳಕ್ಕಿ, ಬಾಲ ಕುಣಿಸುವ ಕುಂಡೆಕುಸ್ಕ. ಹುಳ ಸಿಕ್ಕರೆ ಸಾಕು, ವಾಸನೆಯ ಬಗ್ಗೆ ಅವುಗಳ ದೂರಿಲ್ಲ. ಎರಡನೆಯದು ಆಳ, ಹಸಿರು, ಅಲ್ಲಿ ಬಾತುಗಳ ಸಂಸಾರ. ಮೂರನೆಯದರಲ್ಲಿ ನೀರು ಮೊಣಕಾಲುದ್ದವೂ ಇಲ್ಲ, ನಡುನಡುವೆ ಕೆಸರಿನ ದಿಬ್ಬ. ಅದು ಮೆಟ್ಟುಗಾಲಿನವರ ಕೇರಿ. ನಾಲ್ಕನೆಯದರಲ್ಲಿ ನೀರು ತಿಳಿ, ಮೀನು ಬೆಳೆದಿದೆ; ಮಿಂಚುಳ್ಳಿ, ನೀರುಕಾಗೆ, ಗುಳುಮುಳುಕ. ಬಾತು ಮೂರನೆಯದಕ್ಕೆ ಬರಲ್ಲ, ಮಿಂಚುಳ್ಳಿ ಒಂದನೆಯದನ್ನು ಮೂಸಿಯೂ ನೋಡಲ್ಲ. ಅಪ್ಪ ಮೂವತ್ತು ವರ್ಷ ತಿರುಗಿಸಿದ ತೂಬಿನ ಚಕ್ರವನ್ನು ಈಗ ನಾನು ತಿರುಗಿಸುತ್ತೇನೆ. ಒಂದು ಗೇಣು ನೀರು ಹೆಚ್ಚುಕಮ್ಮಿಯಾದರೂ ಯಾವ ಕೇರಿಯವರು ಮನೆ ಬಿಡುತ್ತಾರೆ ಅಂತ ನನಗೆ ಗೊತ್ತು.

ಈ ಹಕ್ಕಿಯನ್ನು ನಿನ್ನ ಬೀರುವಿನಲ್ಲಿ ಇಡು. ಅದರ ಕಾಲಿನ ಚೀಟಿಯಲ್ಲಿ ನಮ್ಮ ಕೊಳದ ಹೆಸರು ಬರೆ. ಮ್ಯೂಸಿಯಂ ಬೀರುವಿನಲ್ಲಿ ಇದ್ದದ್ದನ್ನು ಯಾವ ಸಾಹೇಬರೂ ಇಲ್ಲ ಅನ್ನೋಕಾಗಲ್ಲ.

ನಿನ್ನ ಟಿಟ್ಟಿ

*

ಜನವರಿ 27

ಪ್ರೀತಿಯ ತಂಗಿಗೆ,

ಡಬ್ಬಿ ತಲುಪಿತು. ಹಕ್ಕಿ ಕೆಟ್ಟಿರಲಿಲ್ಲ. ಚರ್ಮ ಬಿಡಿಸಿ, ಒಣಗಿಸಿ, ಹತ್ತಿ ತುಂಬಿ ಹೊಲಿದಿದ್ದೇನೆ. ಕಾಲಿನ ಬಣ್ಣ ಒಣಗಿದ ಮೇಲೆ ಮಾಸುತ್ತದೆ, ಅದಕ್ಕೆ ಉಪಾಯವಿಲ್ಲ. ಚೀಟಿಯನ್ನೂ ಬರೆದು ಕಟ್ಟಿದ್ದಾಯಿತು.

ನಿನ್ನ ನಾಲ್ಕು ಕೇರಿಗಳ ವರ್ಣನೆ ಓದಿ ನಗು ಬಂತು. ನಮ್ಮಲ್ಲೂ ನಾಲ್ಕು ಕೋಣೆಗಳಿವೆ: ಕಾಡಿನವು, ಬಯಲಿನವು, ನೀರಿನವು, ಊರಿನವು. ಮರಕುಟಿಗದ ಉಗುರು ತೊಗಟೆ ಹಿಡಿಯುವುದಕ್ಕೆ, ಬಾತಿನ ಪಾದ ನೀರು ತಳ್ಳುವುದಕ್ಕೆ. ಎಲ್ಲಿ ಬದುಕುತ್ತದೆ ಎಂಬುದು ಹಕ್ಕಿಯ ಮೈಯಲ್ಲೇ ಇರುತ್ತದೆ. ಮೆಟ್ಟುಗಾಲು ಹಕ್ಕಿ ಉಪ್ಪಿನ ಬಯಲು, ಕೆರೆಯಂಚು, ಜೌಗಿನದು ಎಂದು ಎಲ್ಲ ಗ್ರಂಥಗಳೂ ಹೇಳುತ್ತವೆ. ನಿನ್ನಲ್ಲಿಗೆ ದಾರಿತಪ್ಪಿ ಬಂದಿರಬಹುದು. ಬಂದುಹೋಗುವುದು ಬೇರೆ, ವಾಸಿಸುವುದು ಬೇರೆ.

ಇನ್ನೊಂದು ಸಣ್ಣ ಮಾತು. ಲಕೋಟೆಯ ಮೇಲೆ ನಿಮ್ಮ ಘಟಕದ ಮೊಹರು ಒತ್ತಬೇಡ. ಇಲ್ಲಿ ಟಪಾಲು ಒಂದಿಡೀ ದಿನ ದಾಖಲಾತಿ ಗುಮಾಸ್ತರ ಮೇಜಿನ ಮೇಲೆ ಬಿದ್ದಿರುತ್ತದೆ. ಮನೆ ವಿಳಾಸವಷ್ಟೇ ಸಾಕು.

ಆರೋಗ್ಯ ನೋಡಿಕೋ.

ನಿನ್ನ ಅಣ್ಣ

*

ಫೆಬ್ರವರಿ 5

ಅಣ್ಣಾ,

ಮೊಹರಿನ ವಿಷಯ ಓದಿ ಹೆಮ್ಮೆಯಾಯಿತು, ನಿಜ. ಸ್ವಂತ ಕಾಗದಕ್ಕೆ ಸರಕಾರದ ಮೊಹರು ಒತ್ತಬಾರದು ಅಂತ ನನಗೆ ಹೊಳೆದೇ ಇರಲಿಲ್ಲ. ಪ್ರಯೋಗಾಲಯದ ಅಕ್ಕನಿಗೆ ಹೇಳಿದೆ, ದಿನಾ ನಾಲ್ಕೂ ಕೊಳದ ನೀರನ್ನು ಸೀಸೆಯಲ್ಲಿ ತುಂಬಿಕೊಂಡು ಹೋಗಿ ಪರೀಕ್ಷೆ ಮಾಡುತ್ತಾಳಲ್ಲ, ಅವಳಿಗೆ. “ನಿಮ್ಮಣ್ಣ ಎಷ್ಟು ನೇರ್ಪಿನ ಮನುಷ್ಯ ಕಣೇ!” ಅಂದಳು. ಇನ್ನು ಮೇಲೆ ಮೊಹರು ಇಲ್ಲ.

ಆದರೆ ದಾರಿತಪ್ಪಿ ಬಂದದ್ದು ಅಂದೆಯಲ್ಲ, ಅದಕ್ಕೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇವತ್ತು ಬೆಳಿಗ್ಗೆ ಎಣಿಸಿದೆ. ನಲವತ್ತಮೂರು. ಒಂದು ಹಕ್ಕಿ ದಾರಿ ತಪ್ಪುತ್ತೆ ಸರಿ, ನಲವತ್ತಮೂರು ಹಕ್ಕಿ ಪ್ರತಿವರ್ಷವೂ ಅದೇ ದಿಬ್ಬಕ್ಕೆ ದಾರಿ ತಪ್ಪುತ್ತವಾ? ನಿನ್ನ ಗ್ರಂಥ ಬರೆದವರು ಮೂಗು ಮುಚ್ಚಿಕೊಂಡು ನಮ್ಮ ಗೇಟಿನ ಆಚೆಯಿಂದಲೇ ಹೋಗಿರಬೇಕು. ಅವರನ್ನು ಬಿಡು. ನೀನು ಹುಟ್ಟಿದ್ದೇ ಇಲ್ಲಿಯ ಕ್ವಾರ್ಟರ್ಸಿನಲ್ಲಿ. ಹೂಳೆತ್ತುವವರು ಗೂಡು ತುಳಿದುಬಿಡುತ್ತಾರೆ ಅಂತ ಅಪ್ಪ ಗೂಡಿನ ಪಕ್ಕ ಕೆಂಪು ಬಟ್ಟೆ ಕಟ್ಟಿದ ಕೋಲು ನೆಡುತ್ತಿದ್ದರಲ್ಲ, ಕೋಲಿನ ಕಟ್ಟು ಹೊತ್ತು ಹಿಂದೆ ಹಿಂದೆ ಹೋಗುತ್ತಿದ್ದವನು ಯಾರು? ನನ್ನನ್ನು ದಡದಲ್ಲಿ ಬಿಟ್ಟು ಹೋಗುತ್ತೀರಿ ಅಂತ ನಾನು ಕಿರುಚಿದ್ದಕ್ಕೇ ಅಲ್ಲವಾ ಸದಾ ಅರಚುವ ಟಿಟ್ಟಿಭ ಹಕ್ಕಿಯ ಹೆಸರು ನನಗೆ ಅಂಟಿದ್ದು?

ಟಿಟ್ಟಿ

*

ಮಾರ್ಚ್ 20

ಪ್ರೀತಿಯ ತಂಗಿಗೆ,

ಕೆಲಸದ ಒತ್ತಡದಲ್ಲಿ ಬರೆಯುವುದು ತಡವಾಯಿತು. ಹಲವು ಕಚೇರಿಗಳು ಹಲವು ಸ್ಥಳಗಳ ಬಗ್ಗೆ ಅಭಿಪ್ರಾಯ ಕೇಳುತ್ತಿವೆ. ಎಲ್ಲವನ್ನೂ ಸಂಗ್ರಹದ ಚೀಟಿಗಳನ್ನು ನೋಡಿಯೇ ಬರೆಯಬೇಕು. ಚೀಟಿ ಇಲ್ಲದ ಹಕ್ಕಿಯನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ಇದು ಇಲ್ಲಿನ ನಿಯಮ.

ಬಾಲ್ಯದ್ದು ನನಗೆ ಅಷ್ಟಾಗಿ ನೆನಪಿಲ್ಲ.

ಅಣ್ಣ

*

ಏಪ್ರಿಲ್ 14

ಅಣ್ಣಾ,

ಹನ್ನೊಂದು ಗೂಡು! ಮೂರನೇ ಕೊಳದ ದಿಬ್ಬಗಳ ಮೇಲೆ ಹನ್ನೊಂದು ಗೂಡು, ಬಹುತೇಕ ಎಲ್ಲದರಲ್ಲೂ ನಾಲ್ಕು ನಾಲ್ಕು ಮೊಟ್ಟೆ. ಹೆಣ್ಣು ಎದ್ದರೆ ಗಂಡು ಕೂರುತ್ತದೆ. ನಮ್ಮ ಹೂಳಿನ ಲಾರಿ ಡ್ರೈವರಣ್ಣನನ್ನು ಕರೆದು ತೋರಿಸಿ, “ನೋಡಿ ಕಲೀರಿ” ಅಂದೆ. “ನನ್ ಹೆಂಡ್ತಿಗೆ ಮಾತ್ರ ಹೇಳ್ಬೇಡ ತಾಯಿ” ಅಂದ. ಅಪ್ಪನ ಹಾಗೆಯೇ ಕೆಂಪು ಬಟ್ಟೆಯ ಕೋಲು ನೆಟ್ಟಿದ್ದೇನೆ. ಹಳೇ ಸೀರೆಯೊಂದು ಖರ್ಚಾಯಿತು.

ಇನ್ನೂ ದೊಡ್ಡ ಸುದ್ದಿ ಇದೆ. ಕೊಳ ಮುಚ್ಚುವ ಮೊದಲು ಅಹವಾಲು ಸಭೆ ಇಟ್ಟಿದ್ದಾರೆ. ಇಲ್ಲಿ ಯಾವ ಹಕ್ಕಿಗಳಿವೆ ಅಂತ ನಿಮ್ಮ ಮ್ಯೂಸಿಯಂನ ಅಭಿಪ್ರಾಯ ಕೇಳಿದ್ದಾರಂತೆ. ನನಗೆ ಕುಣಿದಾಡುವ ಹಾಗಾಯಿತು! “ಅಲ್ಲಿ ಪಕ್ಷಿ ವಿಭಾಗ ನೋಡ್ಕೊಳ್ಳೋದೇ ನಮ್ಮಣ್ಣ. ನಮ್ಮ ಹಕ್ಕಿ ಅಲ್ಲಿ ಬೀರುವಲ್ಲಿ ಕೂತಿದೆ” ಅಂತ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ. ನನಗೆ ಮೊದಲೇ ತಿಳಿಸಬಾರದು ಅಂತ ಸುಮ್ಮನಿದ್ದೀಯ, ಗೊತ್ತು. ನಿಯಮದ ಮನುಷ್ಯ ನೀನು. ಇರಲಿ, ಸಭೆಯಲ್ಲೇ ಕೇಳುತ್ತೇನೆ.

ಟಿಟ್ಟಿ

*

ಏಪ್ರಿಲ್ 23

ಅಣ್ಣ,

ಸಭೆ ನಿನ್ನೆ ಆಯಿತು. ಮುಂದಿನ ಸಾಲಿನಲ್ಲಿ ಕೂತಿದ್ದೆ. ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದೆ. ನಾನು ಕಣ್ಣಾರೆ ಕಂಡದ್ದನ್ನೆಲ್ಲ ಕೊಳದ ಪ್ರಕಾರ ಬರೆದುಕೊಂಡು ಹೋಗಿದ್ದೆ.

ಇಂಜಿನಿಯರ್ ಸಾಹೇಬರು ನಿಮ್ಮ ಮ್ಯೂಸಿಯಂನ ಕಾಗದ ಓದಿದರು. ‘ನಮ್ಮ ಸಂಗ್ರಹದಲ್ಲಿ ಸದರಿ ಸ್ಥಳದಿಂದ ಬಂದ ನೀರುಹಕ್ಕಿಯ ಒಂದೂ ಮಾದರಿ ಇಲ್ಲ. ಸದರಿ ಸ್ಥಳವು ಗಮನಾರ್ಹ ಪಕ್ಷಿಗಳ ವಾಸಸ್ಥಾನವೆಂದು ಹೇಳಲು ಆಧಾರವಿಲ್ಲ.’ ನಾನು ಎದ್ದುನಿಂತು, “ಸುಳ್ಳು! ಜನವರಿಯಲ್ಲಿ ನಾನೇ ಕಳ್ಸಿದೀನಿ” ಅಂದೆ. ಅವರು ಕಾಗದವನ್ನು ನನ್ನ ಮುಖದ ಮುಂದೆ ಹಿಡಿದರು. “ಓದೋಕೆ ಬರತ್ತಲ್ಲಮ್ಮ? ಸಹಿ ನೋಡಿ.”

ನೋಡಿದೆ. ಕೊನೆಯ ಅಕ್ಷರದ ಬಾಲವನ್ನು ಹಿಂದಕ್ಕೆಳೆದು ಅಡಿಗೆರೆ ಮಾಡುವ ಸಹಿ. ಆ ಬಾಲ ಎಳೆಯುವುದನ್ನು ನಿನಗೆ ಅಪ್ಪ ಹೇಳಿಕೊಟ್ಟದ್ದು ನಮ್ಮ ಪಂಪ್‌ಹೌಸಿನ ಮೇಜಿನ ಮೇಲೆ.

ಕೂತುಬಿಟ್ಟೆ. ನನ್ನ ಪಟ್ಟಿ ಕೈಯಲ್ಲೇ ಉಳಿಯಿತು. ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದೆನಲ್ಲ, ಅವರೆಲ್ಲ ನೆಲ ನೋಡುತ್ತಿದ್ದರು. ಪ್ರಯೋಗಾಲಯದ ಅಕ್ಕ ನನ್ನ ಕೈ ಹಿಡಿದುಕೊಂಡಳು.

ನಾನು ಕಳಿಸಿದ ಹಕ್ಕಿ ಎಲ್ಲಿ ಹೋಯಿತು? ಚೀಟಿ ಬರೆದೆ ಅಂದೆಯಲ್ಲ, ಏನು ಬರೆದೆ? ನನಗೆ ಉತ್ತರ ಬೇಕು.

ಆದೇಶವೂ ಕೈಗೆ ಬಂದಿದೆ. ಮೇ ಆರರಂದು ನಾನೇ ತೂಬು ತೆರೆದು ಮೂರನೇ ಕೊಳ ಖಾಲಿ ಮಾಡಬೇಕಂತೆ. ನೀರಿಳಿದರೆ ದಿಬ್ಬಕ್ಕೆ ನಾಯಿಗಳು ನಡೆದುಕೊಂಡೇ ಹೋಗುತ್ತವೆ. ಒಂದು ಮೊಟ್ಟೆ, ಒಂದು ಮರಿ ಉಳಿಯುವುದಿಲ್ಲ. ನಾನು ತೆರೆಯುವುದಿಲ್ಲ.

*

ಏಪ್ರಿಲ್ 30

ತಂಗಿ,

ಮೂರು ಸಲ ಬರೆದು ಹರಿದು ಹಾಕಿದೆ. ಇದು ನಾಲ್ಕನೆಯದು.

ಹಕ್ಕಿ ನೀರಿನ ಕೋಣೆಯಲ್ಲಿ, ಏಳನೇ ಬೀರುವಿನ ಮೂರನೇ ಸೆಳೆಖಾನೆಯಲ್ಲಿದೆ. ಚೀಟಿಯಲ್ಲಿ ದಿನಾಂಕ ಬರೆದೆ, ಉದ್ದ ಬರೆದೆ, ಹೆಣ್ಣು ಎಂದು ಬರೆದೆ. ಸ್ಥಳದ ಮುಂದೆ ‘ತಿಳಿಯದು’ ಎಂದು ಬರೆದೆ.

ಚೀಟಿಯಲ್ಲಿ ತಂದುಕೊಟ್ಟವರ ಹೆಸರು, ಅವರು ಯಾರು ಎಂಬುದೂ ಇರಬೇಕು. ಸ್ಥಳ ಬರೆದರೆ ನಿನ್ನನ್ನು ಬರೆಯಬೇಕು. ನಿನ್ನನ್ನು ಬರೆದರೆ ನನ್ನನ್ನು ಬರೆದಂತೆ. ಹನ್ನೆರಡು ವರ್ಷದ ಹಿಂದೆ ಕೆಲಸಕ್ಕೆ ಸೇರಿದ ದಿನ ನಿರ್ದೇಶಕರು, “ತಂದೆ ಏನ್ಮಾಡ್ತಾರೆ?” ಎಂದು ಕೇಳಿದರು. “ನೀರು ಇಲಾಖೆಯಲ್ಲಿ ಅಧಿಕಾರಿ” ಎಂದೆ. ಆಮೇಲೆ ಆ ಮಾತನ್ನು ಕಾಯ್ದುಕೊಳ್ಳುವುದೇ ಒಂದು ಕೆಲಸವಾಯಿತು. ಮೊಹರು ಬೇಡವೆಂದದ್ದೂ ಅದಕ್ಕೇ. ನೀನು ನನ್ನನ್ನು ನೇರ್ಪಿನವನೆಂದು ಹೊಗಳಿದ ಕಾಗದವನ್ನು ಓದಲಾರದೆ ಮಡಿಚಿಟ್ಟೆ.

ಶಾಲೆಯಲ್ಲಿ ನಾನು ಒಳಗೆ ಬಂದ ಕೂಡಲೇ ಹುಡುಗರು ಮೂಗು ಮುಚ್ಚಿಕೊಳ್ಳುತ್ತಿದ್ದದ್ದು ನಿನಗೆ ಗೊತ್ತಿಲ್ಲ. ದಿನಕ್ಕೆ ಮೂರು ಸಲ ಸೋಪು ಹಾಕಿ ಕೈ ಉಜ್ಜುತ್ತಿದ್ದೆ. ಈಗಲೂ ಉಜ್ಜುತ್ತೇನೆ.

ಅಭಿಪ್ರಾಯ ಬರೆಯುವಾಗ ಚೀಟಿಗಳನ್ನು ಹುಡುಕಿದೆ. ನಿಮ್ಮಲ್ಲಿಂದ ಬಂದದ್ದೆಂದು ಯಾವ ಚೀಟಿಯೂ ಹೇಳಲಿಲ್ಲ. ನಿಯಮದ ಪ್ರಕಾರ ನಾನು ಬರೆದದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ.

ಈಗ ಒಂದು ಮಾತು ಕೇಳು. ತೂಬು ತೆರೆದುಬಿಡು. ಕೆಲಸ ಹೋದರೆ ಕ್ವಾರ್ಟರ್ಸೂ ಹೋಗುತ್ತದೆ. ಹಕ್ಕಿಗಳು ಬೇರೆ ಜಾಗ ನೋಡಿಕೊಳ್ಳುತ್ತವೆ.

ಅಣ್ಣ

*

ಮೇ 4

ಅಣ್ಣ,

ಶಾಲೆಯದು ನನಗೆ ಗೊತ್ತಿಲ್ಲವಾ? ನಾನೂ ಅದೇ ಶಾಲೆಗೆ ಹೋದವಳು. ನನ್ನ ಕ್ಲಾಸಿನಲ್ಲಿ ಮೊದಲು ಮೂಗು ಮುಚ್ಚಿದವಳ ಮೂಗಿಗೇ ಒಂದು ಗುದ್ದಿದೆ. ಆಮೇಲೆ ಯಾರೂ ಮುಚ್ಚಲಿಲ್ಲ. ಇಡೀ ಊರು ಮಾಡಿದ ಗಲೀಜನ್ನು ನಮ್ಮಪ್ಪ ತೊಳೆದು ನದಿಗೆ ಬಿಟ್ಟರು. ನಾಚಿಕೆಪಡಬೇಕಾದವರು ನಾವಾ?

ಒಂದಕ್ಷರವೂ ತಪ್ಪಿಲ್ಲ ಅಂತೀಯ. ಇಂಜಿನಿಯರ್ ಸಾಹೇಬರು ಕರ್ಚೀಫು ಹಿಡಿದಿದ್ದಕ್ಕೆ ನನಗೆ ಅಷ್ಟು ಸಿಟ್ಟಿಲ್ಲ, ಅವರು ಹೊರಗಿನವರು. ನೀನು ಆ ದಿಬ್ಬದ ಮೇಲೆ ಕೋಲು ನೆಟ್ಟವನು. ನೆನಪಿಲ್ಲ ಅಂತ ಬರೆಯೋಕೆ ನಿನಗೆ ಕೈ ಹೇಗೆ ಬಂತು?

ಬೇರೆ ಜಾಗ ನೋಡಿಕೊಳ್ಳುತ್ತವಂತೆ. ಎಲ್ಲಿ? ನಿನ್ನ ಏಳನೇ ಬೀರುವಿನಲ್ಲಾ? ಹಕ್ಕಿಗೆ ಎಲ್ಲಿ ಬೇಕಾದರೂ ಬದುಕುವ ಹಾಗಿದ್ದರೆ ನಾಲ್ಕು ಕೋಣೆ ಯಾಕೆ ಮಾಡಿಟ್ಟಿದ್ದೀರಿ? ಒಂದೇ ಗೋಡೌನು ಸಾಕಿತ್ತು.

ಇವತ್ತು ಇಂಜಿನಿಯರ್ ಸಾಹೇಬರು ಬಂದಿದ್ದರು.

“ನಾಡಿದ್ದು ತೂಬು ತೆಗೀತೀಯೋ ಇಲ್ವೋ?”

“ಇಲ್ಲ ಸಾರ್.”

“ಅಮಾನತು ಮಾಡ್ತೀನಿ.”

“ಮಾಡಿ.”

“ತೂಬಿನ ಬೀಗದ ಕೈ ಕೊಡು.”

“ಅದು ನನ್ನ ಸೊಂಟದಲ್ಲಿದೆ ಸಾರ್. ತಗೊಳ್ಳಿ ನೋಡೋಣ.”

ಲಾರಿ ಡ್ರೈವರಣ್ಣ ಜೋರಾಗಿ ಕೆಮ್ಮಿದ. ಸಾಹೇಬರು ಜೀಪು ಹತ್ತಿ ಹೋದರು. ಸಂಜೆಗೆ ಅಮಾನತಿನ ಕಾಗದ ಬಂತು. ಡ್ರೈವರಣ್ಣ ತನ್ನ ಲಾರಿಯನ್ನು ತೂಬಿನ ಮುಂದೆ ಅಡ್ಡ ನಿಲ್ಲಿಸಿ, ಇಂಜಿನ್ ಕೆಟ್ಟಿದೆ ಅಂತ ಬರೆದುಕೊಟ್ಟಿದ್ದಾನೆ. ಪ್ರಯೋಗಾಲಯದ ಅಕ್ಕ ಊಟದ ಡಬ್ಬಿ ತಂದು ನನ್ನ ಪಕ್ಕದಲ್ಲೇ ಕೂತಿದ್ದಾಳೆ. ಒಂದು ಗೂಡಿನಲ್ಲಿ ಮೊಟ್ಟೆ ಬಿರಿದಿದೆ. ಹನ್ನೆರಡನೇ ತಾರೀಕು ಅಹವಾಲು ಮಂಡಳಿಯವರು ಕೊನೇ ಸಲ ಜಾಗ ನೋಡೋಕೆ ಬರುತ್ತಾರಂತೆ. ಅಷ್ಟರೊಳಗೆ ನೀರಿಳಿಸಿ ದಿಬ್ಬ ಖಾಲಿ ತೋರಿಸಬೇಕು ಅಂತಲೇ ಈ ಆತುರ.

ನೀನು ಇನ್ನು ನನಗೆ ಬುದ್ಧಿ ಹೇಳಿ ಬರೆಯಬೇಡ. ಬರೆದರೂ ಬಿಚ್ಚುವುದಿಲ್ಲ.

*

ಮೇ 9

ಟಿಟ್ಟಿ,

ಇದು ಬುದ್ಧಿ ಹೇಳುವ ಕಾಗದವಲ್ಲ. ದಯವಿಟ್ಟು ಬಿಚ್ಚು. ಬಸ್ಸಿನ ಡ್ರೈವರ್ ಕೈಲೇ ಕಳಿಸುತ್ತಿದ್ದೇನೆ, ನಾಳೆಯೇ ಸಿಗಲಿ ಎಂದು.

ನಿನ್ನ ಕಾಗದ ಓದಿದ ದಿನ ಏಳನೇ ಬೀರು ತೆಗೆದೆ. ಹಕ್ಕಿಯ ಕಾಲು ಮಾಸಿ ಒಣಕಡ್ಡಿಯ ಬಣ್ಣವಾಗಿದೆ. ನನಗೆ ಎಲ್ಲವೂ ನೆನಪಿದೆ ಕಣೇ. ಕೋಲಿನ ಕಟ್ಟು ಎಷ್ಟು ಭಾರವಿತ್ತು ಎಂಬುದೂ ನೆನಪಿದೆ. ನೀನು ದಡದಲ್ಲಿ ಕಿರುಚುತ್ತಿದ್ದದ್ದು, ಅಪ್ಪ ತಿರುಗಿ ನೋಡಿ ನಕ್ಕದ್ದು, ಎಲ್ಲ.

ನಮ್ಮಲ್ಲಿ ಒಂದು ನಿಯಮವಿದೆ. ಒಮ್ಮೆ ಬರೆದ ಚೀಟಿಯನ್ನು ಹರಿಯುವಂತಿಲ್ಲ, ಅಳಿಸುವಂತಿಲ್ಲ. ತಪ್ಪಿದ್ದರೆ ಅದರ ಮೇಲೆ ಒಂದೇ ಗೆರೆ ಎಳೆದು, ಹಳೆಯದೂ ಓದಲು ಸಿಗುವಂತೆ ಬಿಟ್ಟು, ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. ಇಷ್ಟು ವರ್ಷ ಬೇರೆಯವರ ತಪ್ಪುಗಳನ್ನು ಹಾಗೆ ತಿದ್ದಿದ್ದೇನೆ.

ಅಭಿಪ್ರಾಯ ಹಿಂಪಡೆಯುತ್ತೇನೆ ಎಂದು ನಿರ್ದೇಶಕರ ಕೋಣೆಗೆ ಹೋಗಿ ಹೇಳಿದೆ. ಎಲ್ಲವನ್ನೂ ಹೇಳಿದೆ, ಅಧಿಕಾರಿ ಎಂದ ಸುಳ್ಳನ್ನೂ ಸೇರಿಸಿ.

“ಇದ್ರಿಂದ ಸಂಸ್ಥೆ ಮರ್ಯಾದೆ ಏನಾಗತ್ತೆ, ಯೋಚ್ನೆ ಮಾಡಿದೀರಾ?” ಎಂದರು.

“ಹನ್ನೆರಡು ವರ್ಷ ನಮ್ಮಪ್ಪನ ಮರ್ಯಾದೆ ಯೋಚ್ನೆ ಮಾಡ್ಲಿಲ್ಲ ಸರ್. ಮೊದ್ಲು ಅದಾಗ್ಲಿ” ಎಂದೆ.

“ಮಾದರಿ ಈ ಕಟ್ಟಡದಿಂದ ಹೊರಗೆ ಹೋಗೋ ಹಾಗಿಲ್ಲ.”

“ಹೋಗತ್ತೆ ಸರ್. ನನ್ನ ತೊಡೆ ಮೇಲೆ ಕೂತು ಬಸ್ಸಲ್ಲಿ ಹೋಗತ್ತೆ. ಎಲ್ಲಿಗೆ ಅಂತ ನಿರ್ಗಮನ ಪುಸ್ತಕದಲ್ಲಿ ಬರ್ದೇ ಹೋಗ್ತೀನಿ.”

ಹೊರಗೆ ಬಂದು, ಬಹಳ ವರ್ಷಗಳ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ. ಚೀಟಿ ಈಗ ಹೀಗಿದೆ:

ಮೆಟ್ಟುಗಾಲು ಹಕ್ಕಿ. ಹೆಣ್ಣು.
ಸ್ಥಳ: ತಿಳಿಯದು (ಇದರ ಮೇಲೆ ಗೆರೆ). ಮೂರನೇ ಕೊಳ, ಕೊಳಚೆ ನೀರು ಶುದ್ಧೀಕರಣ ಘಟಕ. ಇಲ್ಲಿ ವಾಸ, ಇಲ್ಲೇ ಸಂತಾನ.
ಕಳಿಸಿದವರು: ಘಟಕದ ತೂಬು ನೋಡಿಕೊಳ್ಳುವ ಕೆಲಸಗಾರ್ತಿ, ನನ್ನ ತಂಗಿ.
ಮೊದಲು ಕಂಡವರು: ಅದೇ ತೂಬಿನ ಕೆಲಸಗಾರರು, ನಮ್ಮ ತಂದೆ.

ಹನ್ನೆರಡರ ಬೆಳಿಗ್ಗೆ ಬಸ್ಸು ಇಳಿಯುತ್ತೇನೆ. ಅಲ್ಲಿಯವರೆಗೆ ಯಾರು ಏನೇ ಹೇಳಲಿ, ತೂಬು ತೆಗೆಯಬೇಡ.

ಅಣ್ಣ

*

ಜೂನ್ 11

ಅಣ್ಣಾ,

ಇವತ್ತು ಬೆಳಿಗ್ಗೆ ಮೊದಲ ಮರಿ ಹಾರಿತು. ಹಾರಿತು ಅನ್ನುವುದಕ್ಕಿಂತ ಮೇಲಕ್ಕೆದ್ದು ಗಾಬರಿಯಾಗಿ ಎರಡನೇ ಕೊಳದ ಬಾತುಗಳ ನಡುವೆ ಬಿತ್ತು ಅನ್ನಬೇಕು. ಬಾತುಗಳು ಬೈದು ವಾಪಸ್ ಕಳಿಸಿದವು. ಸಂಜೆಯೊಳಗೆ ಐದು ಮರಿ ಹಾರಿದವು. ಒಟ್ಟು ಮೂವತ್ತೊಂದು ಮರಿ ಬದುಕಿ ಉಳಿದಿವೆ. ಎಣಿಸಿ ಎಣಿಸಿ ಕಣ್ಣು ನೋಯುತ್ತಿದೆ.

ಮಂಡಳಿಯ ಆದೇಶ ಕೈಗೆ ಬಂತು. ವರ್ಷಪೂರ್ತಿ ಎಣಿಕೆ ಮುಗಿಯುವ ತನಕ ಯಾವ ಕೊಳವನ್ನೂ ಖಾಲಿ ಮಾಡುವಂತಿಲ್ಲ. ಆಮೇಲೆ ಏನು ಅಂತ ಬರೆದಿಲ್ಲ. ಆಮೇಲಿನದಕ್ಕೆ ಆಮೇಲೆ ಜಗಳ ಆಡೋಣ. ನನ್ನ ಅಮಾನತು ಇನ್ನೂ ತೆಗೆದಿಲ್ಲ, ಆದರೂ ದಿನಾ ಹೋಗುತ್ತೇನೆ. ಇಂಜಿನಿಯರ್ ಸಾಹೇಬರು ನೋಡಿಯೂ ನೋಡದವರ ಹಾಗೆ ಇರುತ್ತಾರೆ. ಮ್ಯೂಸಿಯಂನಲ್ಲಿ ನಿನ್ನ ವಿಚಾರಣೆ ಮುಂದಿನ ತಿಂಗಳು ಅಂತ ಅತ್ತಿಗೆ ಬರೆದಿದ್ದಾರೆ. ನಾನು ಬರುತ್ತೇನೆ, ಇಸ್ತ್ರಿ ಸೀರೆ ಉಟ್ಟು, ಮುಂದಿನ ಸಾಲಿನಲ್ಲೇ ಕೂರುತ್ತೇನೆ.

ನಿನ್ನ ಮೇಲಿನ ಸಿಟ್ಟು ಪೂರಾ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಮೇ ಹನ್ನೆರಡರಂದು ಮಂಡಳಿಯವರೆಲ್ಲ ಮೂಗು ಮುಚ್ಚಿಕೊಂಡು ದಡದಲ್ಲಿ ನಿಂತಿದ್ದಾಗ ನೀನು ಚಪ್ಪಲಿ ಬಿಟ್ಟು, ಪ್ಯಾಂಟು ಮಡಿಚಿ, ಆ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಸೀದಾ ಮೂರನೇ ಕೊಳಕ್ಕೆ ಇಳಿದೆಯಲ್ಲ, ಆಗ ನಾನು ಕಿರುಚಿದೆ. ನೀನು ತಿರುಗಿ ನೋಡಿ ನಕ್ಕೆ. ಥೇಟು ಅಪ್ಪ.

ಈ ಲಕೋಟೆಯ ಮೇಲೆ ಘಟಕದ ಮೊಹರನ್ನು ಮೂರು ಸಲ ಒತ್ತಿದ್ದೇನೆ. ಅಮಾನತಿನಲ್ಲಿರುವವಳಿಗೆ ಮೊಹರು ಎಲ್ಲಿಂದ ಬಂತು ಅಂತ ಪ್ರಯೋಗಾಲಯದ ಅಕ್ಕನನ್ನು ಕೇಳು. ನಿಮ್ಮ ದಾಖಲಾತಿ ಗುಮಾಸ್ತರಿಗೆ ಹೇಳು, ಇದು ಅವರ ಮೇಜಿನ ಮೇಲೆ ಇಡೀ ದಿನ ಬಿದ್ದಿರಲಿ.

ಟಿಟ್ಟಿ